ಕಾಲು ಕಳೆದುಕೊಂಡವರು ಬಡ್ಡಿ ಕೇಳಬಹುದೇ?

ಭಾಂಡುಪ್‌ನ ಓದುಗರೊಬ್ಬರ ಪತ್ರದ ಸಾರ ಇದು: ಉಡುಪಿ ಕಡೆಯಿಂದ ಮುಂಬೈಗೆ ಬಂದು ಮೂವತ್ತು ವರ್ಷ ಹೋಟೆಲಿನ ಗಲ್ಲಾ ನೋಡಿಕೊಂಡ ತಂದೆಯವರಿಗೆ 2016ರಲ್ಲಿ ಟೆಂಪೊ ಬಡಿದು ಎಡಗಾಲು ಹೋಯಿತು. ಅಕ್ಕನ ಬಳೆಗಳನ್ನು ಅಡವಿಟ್ಟು ಆಸ್ಪತ್ರೆಯ ಬಿಲ್ಲು ಕಟ್ಟಿದರು. 2017ರಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿ ಎಂಟು ವರ್ಷವಾಯಿತು. ಈಗ ವಿಮಾ ಕಂಪನಿಯವರು ಲೋಕ ಅದಾಲತ್‌ನಲ್ಲಿ ಆರು ಲಕ್ಷ ಕೊಡುತ್ತೇವೆ, ಬಡ್ಡಿ ಬಿಟ್ಟುಬಿಡಿ ಎನ್ನುತ್ತಿದ್ದಾರೆ. ತಂದೆಯವರೂ ಅದಕ್ಕೇ ಒಲಿದಿದ್ದಾರೆ: ‘ಬಡ್ಡಿ ಕೇಳಬೇಕಾದವನು ಸಾಲ ಕೊಟ್ಟವನು, ಕಾಲು ಕಳೆದುಕೊಂಡವನಲ್ಲ.’ ಇದು ಸರಿಯೇ?

ಸಂಪಾದಕರ ಉತ್ತರ: ನಿಮ್ಮ ತಂದೆಯವರ ಮಾತನ್ನು ಎರಡು ದಿನ ತಲೆಯಲ್ಲಿಟ್ಟುಕೊಂಡು ತಿರುಗಿದೆ. ಸ್ವಾಭಿಮಾನಿಯ ಮಾತು ಅದು. ಆದರೆ ಅವರು ಸಾಲ ಕೊಡಲಿಲ್ಲ ಎಂದವರು ಯಾರು? ಕೊಟ್ಟಿದ್ದಾರೆ, ಕೇಳದೆಯೇ ಕೊಡಿಸಿಕೊಳ್ಳಲಾಗಿದೆ. ಅವರ ಕೈಗೆ ಬರಬೇಕಾಗಿದ್ದ ಹಣ ಎಂಟು ವರ್ಷ ಕಂಪನಿಯ ಖಾತೆಯಲ್ಲೇ ದುಡಿಯಿತು. ಅತ್ತ ಅಕ್ಕನ ಬಳೆಗಳ ಮೇಲಿನ ಸಾಲಕ್ಕೆ ಬಡ್ಡಿ ಕಟ್ಟಿದ್ದು ನೀವು.

ಇನ್ನೊಂದು ಸಂಗತಿ. ಪರಿಹಾರದ ಲೆಕ್ಕ ಹಾಕುವಾಗ ನ್ಯಾಯಮಂಡಳಿ ಹಿಡಿಯುವುದು ಅಪಘಾತದ ಕಾಲದ ಸಂಬಳವನ್ನು, ಆಗಿನ ವಯಸ್ಸನ್ನು. ಅಂದರೆ 2016ರ ಗಳಿಕೆಯ ಅಳತೆಯಲ್ಲಿ ನಿಗದಿಯಾಗುವ ಹಣ ಇಂದಿನ ಮುಂಬೈಯಲ್ಲಿ ಖರ್ಚಾಗಬೇಕು. ಆ ಅಂತರವನ್ನು ಸ್ವಲ್ಪವಾದರೂ ತುಂಬುವುದು ಬಡ್ಡಿ. ಅದು ಟೆಂಪೊದವನಿಗೆ ದಂಡವಲ್ಲ, ನಿಮಗೆ ಬಹುಮಾನವೂ ಅಲ್ಲ.

1988ರ ಮೋಟಾರು ವಾಹನ ಕಾಯ್ದೆಯ 171ನೇ ಕಲಮು ಇದಕ್ಕೆಂದೇ ಇದೆ. ದರವನ್ನು ನ್ಯಾಯಮಂಡಳಿಯ ವಿವೇಚನೆಗೆ ಬಿಟ್ಟು, ಎರಡು ಕಡಿವಾಣ ಹಾಕಿದೆ: ಸರಳ ಬಡ್ಡಿ ಮಾತ್ರ, ಅದೂ ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನಿಂದ ಅಲ್ಲ. ಅಪಘಾತಕ್ಕೂ ಅರ್ಜಿಗೂ ನಡುವೆ ನೀವು ಊರಿಗೆ ಹೋಗಿ ಕಳೆದ ತಿಂಗಳುಗಳು ಬಡ್ಡಿಯ ಲೆಕ್ಕಕ್ಕೆ ಬರುವುದಿಲ್ಲ. (ಈಗಿನವರಿಗಂತೂ ಅಷ್ಟು ಪುರುಸೊತ್ತಿಲ್ಲ. 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಅರ್ಜಿಗೆ ಆರು ತಿಂಗಳ ಗಡುವು ಇಟ್ಟಿದೆ.)

ಲೆಕ್ಕ ನೋಡೋಣ. ದರ ನೂರಕ್ಕೆ ಏಳೂವರೆ ಎಂದಿಟ್ಟುಕೊಳ್ಳಿ. ಆರು ಲಕ್ಷಕ್ಕೆ ವರ್ಷಕ್ಕೆ 45,000, ಎಂಟು ವರ್ಷಕ್ಕೆ 3,60,000 ರೂಪಾಯಿ. ‘ಬಡ್ಡಿ ಬಿಟ್ಟುಬಿಡಿ’ ಎಂಬ ಎರಡು ಪದಗಳ ಬೆಲೆ ಅಷ್ಟು! ಅದೇ ದರದಲ್ಲಿ ವರ್ಷಕ್ಕೊಮ್ಮೆ ಚಕ್ರಬಡ್ಡಿ ಸೇರುವ ಠೇವಣಿಯಾಗಿದ್ದರೆ ಆರು ಲಕ್ಷ ಸುಮಾರು 10,70,000 ಆಗುತ್ತಿತ್ತು. ಬಡ್ಡಿ ಪೂರ್ತಿ ಕೊಟ್ಟರೂ ನಿಮಗೆ ಸಿಗುವುದು 9,60,000. ದುರಾಸೆಯ ಮಾತು ಎಲ್ಲಿಂದ ಬಂತು?

ಕಂಪನಿಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಮುಂದೆ ಆಗಲಿರುವ ಖರ್ಚಿನ ಬಾಬತ್ತಿಗೆ, ಉದಾಹರಣೆಗೆ ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕಾದ ಕೃತಕ ಕಾಲಿಗೆ, ಬಡ್ಡಿ ಸಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಇನ್ನೂ ಖರ್ಚೇ ಆಗದ ಹಣವನ್ನು ತಡೆಹಿಡಿದರು ಎನ್ನುವುದು ಹೇಗೆ? ಆರು ಲಕ್ಷದಲ್ಲಿ ಒಂದು ಲಕ್ಷ ಅಂಥದ್ದಾದರೆ ಬಡ್ಡಿ ಮೂರು ಲಕ್ಷಕ್ಕೆ ಇಳಿಯುತ್ತದೆ. ಆದ್ದರಿಂದ ಒಟ್ಟು ಮೊತ್ತ ಕೇಳಿ ತಲೆಯಾಡಿಸಬೇಡಿ, ಬಾಬತ್ತುವಾರು ವಿವರ ಕೇಳಿ. ಲೋಕ ಅದಾಲತ್‌ನಲ್ಲಿ ರಾಜಿಗೆ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ.

ರಾಜಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ತಂದೆಯವರಿಗೆ ವಯಸ್ಸಾಗಿದೆ, ತಾರೀಖಿನ ಮೇಲೆ ತಾರೀಖು ಸಾಕಾಗಿದೆ. ಬಡ್ಡಿಯಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಮುಗಿಸುವುದು ಜಾಣತನವೇ ಇರಬಹುದು. ಎಷ್ಟು ಬಿಡುತ್ತಿದ್ದೇವೆ ಎಂದು ತಿಳಿದು ಬಿಡಿ, ಅಷ್ಟೆ.

ತೆರಿಗೆಯ ಭಯವನ್ನೂ ಯಾರೋ ಹುಟ್ಟಿಸಿದ್ದಾರೆಂದು ಬರೆದಿದ್ದೀರಿ. 1978ರಲ್ಲಿ, ಎಂಟನೆಯ ವಯಸ್ಸಿನಲ್ಲಿ, ಅಪಘಾತಕ್ಕೆ ಸಿಕ್ಕಿದ ಹುಡುಗನ ಪ್ರಕರಣದಲ್ಲಿ ನಮ್ಮ ಬಾಂಬೆ ಹೈಕೋರ್ಟೇ 2019ರಲ್ಲಿ ಹೇಳಿದೆ: ಅರ್ಜಿಯ ದಿನದಿಂದ ತೀರ್ಪಿನವರೆಗಿನ ಬಡ್ಡಿ ಪರಿಹಾರದ ಭಾಗವೇ, ಆದಾಯವಲ್ಲ. ನಿಮ್ಮ ವಕೀಲರಿಗೆ ಆ ತೀರ್ಪನ್ನು ನೆನಪಿಸಿ.

ಮುಂದಿನ ತಾರೀಖಿಗೆ ಅರ್ಜಿ ಸಲ್ಲಿಸಿದ ದಿನದ ಮೊಹರಿರುವ ಪ್ರತಿಯನ್ನು ಒಯ್ಯಿರಿ. ಬಳೆ ಅಡವಿಟ್ಟ ಸಾಲಕ್ಕೆ ಬಡ್ಡಿ ಕಟ್ಟಿದ ರಸೀದಿಗಳಿದ್ದರೆ ಅವು ನ್ಯಾಯಮಂಡಳಿಗೆ ಬೇಕಾಗಲಾರವು. ತಂದೆಯವರ ಮುಂದೆ ಇಡಿ.