ಹ್ಯಾರಿಸನ್ ಸತ್ತಿದ್ದು ಚಳಿಗಾ, ನೀರಿಗಾ?

ಪ್ರಶ್ನೆ: ಅಣ್ಣಾ, ನಾನು ಶಹಾಪುರದವಳು, ಕಲಬುರಗಿಯ ಹಾಸ್ಟೆಲ್‌ನಲ್ಲಿದ್ದು ಬಿಎ ಓದುತ್ತಿದ್ದೇನೆ. ಅಮೆರಿಕದ ಅಧ್ಯಕ್ಷ ವಿಲಿಯಂ ಹೆನ್ರಿ ಹ್ಯಾರಿಸನ್ ಚಳಿಯಲ್ಲಿ ಕೋಟು ಹಾಕದೆ ಉದ್ದದ ಭಾಷಣ ಮಾಡಿ, ನ್ಯುಮೋನಿಯಾ ಆಗಿ ಒಂದೇ ತಿಂಗಳಲ್ಲಿ ತೀರಿಕೊಂಡ ಅಂತ ಎಲ್ಲೋ ಓದಿದೆ. ಊರಿಗೆ ಹೋದಾಗ ಅಜ್ಜಿಗೆ ಹೇಳಿದರೆ, "ಅದಕ್ಕೇ ಹೇಳತೀನಿ, ಥಂಡ್ಯಾಗ ತಿರಗಬ್ಯಾಡ ಅಂತ" ಅಂದರು. ನಿಜಕ್ಕೂ ಚಳಿಗೇ ಸತ್ತನಾ?

ಉತ್ತರ: ತಂಗಿ, ಬಹುಶಃ ಚಳಿಗಲ್ಲ. ಕುಡಿದ ನೀರಿಗೆ.

ಮೊದಲು ತಾರೀಖು ನೋಡು. ಹ್ಯಾರಿಸನ್ ಅಧಿಕಾರ ವಹಿಸಿಕೊಂಡಿದ್ದು 1841ರ ಮಾರ್ಚ್ 4ಕ್ಕೆ. ಆಗ ವಯಸ್ಸು 68. ಕೋಟಿಲ್ಲ, ಟೋಪಿಯಿಲ್ಲ, ಹೆಚ್ಚುಕಮ್ಮಿ ಒಂದೂಮುಕ್ಕಾಲು ಗಂಟೆ ಭಾಷಣ. 8,000ಕ್ಕೂ ಜಾಸ್ತಿ ಪದ ಇದ್ದ ಆ ಭಾಷಣದಷ್ಟು ಉದ್ದದ್ದನ್ನು ಆ ಸಮಾರಂಭದಲ್ಲಿ ಇವತ್ತಿನವರೆಗೂ ಯಾವ ಅಧ್ಯಕ್ಷನೂ ಮಾಡಿಲ್ಲ. ಅಲ್ಲಿಯವರೆಗೆ ನೀನು ಓದಿದ್ದು ಸರಿ. ಆದರೆ ಅವನು ಹಾಸಿಗೆ ಹಿಡಿದಿದ್ದು ಮಾರ್ಚ್ 26ಕ್ಕೆ, ಅಂದರೆ ಮೂರು ವಾರ ಕಳೆದ ಮೇಲೆ. ಮೂರು ವಾರದ ಹಿಂದಿನ ಚಳಿ ಅಷ್ಟು ದಿನ ಸುಮ್ನೆ ಕೂತಿತ್ತು ಅಂದರೆ ನಂಬೋದು ಕಷ್ಟ ಅಲ್ವಾ?

ಇನ್ನೊಂದು ವಿಷಯ. ನೋಡಿಕೊಂಡ ಡಾಕ್ಟರ್ ಥಾಮಸ್ ಮಿಲ್ಲರ್ ತಾನೇ ಬರೆದಿಟ್ಟಿದ್ದಾನೆ: ಇದು ಬರೀ ನ್ಯುಮೋನಿಯಾ ಅಂತ ನಮಗೆ ಅನಿಸಿರಲಿಲ್ಲ, ಆದರೆ ಜನ ಒಂದೇ ಸಮ ಕೇಳುತ್ತಿದ್ದರು, ಆ ಹೆಸರು ಹೇಳಿದರೆ ಎಲ್ಲರಿಗೂ ಸುಲಭವಾಗಿ ಅರ್ಥವಾಗುತ್ತಿತ್ತು, ಅಂತ. ಕೇಳಿದವರಿಗೆ ಹೇಳಲಿಕ್ಕೆ ಅಂತ ಇಟ್ಟುಕೊಂಡ ಹೆಸರು ಹಾಗೇ ಪುಸ್ತಕಕ್ಕೆ ಹೋಯಿತು.

2014ರಲ್ಲಿ ಜೇನ್ ಮೆಕ್‌ಹ್ಯೂ ಮತ್ತು ಫಿಲಿಪ್ ಮ್ಯಾಕೋವಿಯಾಕ್ ಅನ್ನುವವರು ಮಿಲ್ಲರ್‌ನ ಆ ಟಿಪ್ಪಣಿಯನ್ನೇ ಮತ್ತೆ ಕೂತು ಓದಿದರು. ಹೊಟ್ಟೆಯ ತೊಂದರೆ ಎದ್ದು ಕಾಣುತ್ತಿತ್ತು. ಆ ಕಾಲದಲ್ಲಿ ವಾಷಿಂಗ್ಟನ್‌ಗೆ ಒಳಚರಂಡಿ ಇರಲಿಲ್ಲ. ಊರಿನ ಮಲವನ್ನು ದಿನಾ ಸರ್ಕಾರದ ಖರ್ಚಿನಲ್ಲೇ ಹೊತ್ತು ತಂದು ಒಂದು ಜಾಗದಲ್ಲಿ ಸುರಿಯುತ್ತಿದ್ದರು, ಮತ್ತು ಅಧ್ಯಕ್ಷನ ಮನೆಗೆ ನೀರು ಬರುತ್ತಿದ್ದ ಜಾಗ ಅದರ ಕೆಳಗಡೆ, ಏಳೇ ಏಳು ಓಣಿ ದೂರದಲ್ಲಿತ್ತು. ಟೈಫಾಯ್ಡ್ ಅಥವಾ ಅದೇ ಜಾತಿಯ ಜ್ವರ ಇರಬೇಕು ಅನ್ನುವುದು ಅವರ ವಾದ. ಶವಪರೀಕ್ಷೆ ಆಗಿಲ್ಲ, ಹಾಗಾಗಿ ಇದು ಸಾಧ್ಯತೆಯ ಮಾತು. ಆದರೂ ನನಗೆ ಇದೇ ಸರಿ ಅನಿಸುತ್ತದೆ. ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ಇದೆ.

ನಾನು ಹುಡುಗನಿದ್ದಾಗ ನಮ್ಮ ಓಣಿಯಲ್ಲಿ ನಳದ ಪೈಪು ಗಟಾರದೊಳಗಿಂದಲೇ ಹಾದು ಬರುತ್ತಿತ್ತು. ಒಂದು ಮಳೆಗಾಲ ನಮ್ಮಣ್ಣನಿಗೆ ಜ್ವರ ಬಂತು. ಮಳೆಯಲ್ಲಿ ನೆನೆದು ಬಂದಿದ್ದಾನೆ, ಅದಕ್ಕೇ ಅಂತ ಎಲ್ಲರೂ ಅಂದೆವು. ಕಷಾಯ ಕುಡಿಸಿದೆವು, ಕಂಬಳಿ ಹೊದಿಸಿದೆವು. ವಾರವಾದರೂ ಜ್ವರ ಇಳಿಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಟೈಫಾಯ್ಡ್. ಅವತ್ತು ಸಂಜೆ ಅವ್ವ ಕೊಡದ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬೆಳಕಿಗೆ ಹಿಡಿದಳು. ನೀರು ತಿಳಿಯಾಗೇ ಇತ್ತು. ತಳದಲ್ಲಿ ಮಾತ್ರ ಕೂದಲೆಳೆಯಂಥ ಕಪ್ಪು ಕಸ ನಿಧಾನಕ್ಕೆ ಇಳಿಯುತ್ತಿತ್ತು. ಮರುದಿನದಿಂದ ನಮ್ಮ ಮನೆಯಲ್ಲಿ ನೀರು ಕುದಿಸದೆ ಯಾರೂ ಕುಡಿದಿಲ್ಲ.

ನಮ್ಮಣ್ಣ ಮಾತ್ರೆ, ಇಂಜೆಕ್ಷನ್‌ನಿಂದ ಎದ್ದು ಕೂತ. ಹ್ಯಾರಿಸನ್‌ಗೆ ಆ ಪುಣ್ಯ ಇರಲಿಲ್ಲ. ಟೈಫಾಯ್ಡ್‌ನ ರೋಗಾಣು ಗುರುತಿಸಿದ್ದೇ 1880ರಲ್ಲಿ. ಅವನಿಗೆ ಕೊಟ್ಟಿದ್ದು ಅಫೀಮು, ಹರಳೆಣ್ಣೆ, ಪಾದರಸದ ಔಷಧಿ, ಬ್ರಾಂಡಿ, ಮೇಲಿಂದ ಎನಿಮಾ. ಅಫೀಮು ಕರುಳಿನ ಚಲನೆಯನ್ನೇ ನಿಧಾನ ಮಾಡುತ್ತದೆ, ಹುಣ್ಣಾದ ಕರುಳಿಗೆ ಎನಿಮಾ ಅಪಾಯ. ಹುಡುಗನಿದ್ದಾಗ ಅವನೇ ವೈದ್ಯ ಓದಲು ಹೋಗಿದ್ದ, 1791ರಲ್ಲಿ ಅಪ್ಪ ತೀರಿಕೊಂಡ ಮೇಲೆ ಬಿಟ್ಟು ಸೈನ್ಯ ಸೇರಿದ. ಏಪ್ರಿಲ್ 4ಕ್ಕೆ ಜೀವ ಹೋಯಿತು. ಅಧ್ಯಕ್ಷ ಪದವಿಯಲ್ಲಿದ್ದಾಗಲೇ ಸತ್ತವರಲ್ಲಿ ಅವನೇ ಮೊದಲನೆಯವನು.

ಅಜ್ಜಿಗೆ ಬೇಸರ ಮಾಡಬೇಡ. ಸ್ವೆಟರ್ ಹಾಕಿಕೋ, ಹಾಸ್ಟೆಲ್ ನೀರು ಕುದಿಸಿ ಕುಡಿ.

ಪ್ರಶ್ನೆ: ಒಂದೇ ತಿಂಗಳು ಇದ್ದವನನ್ನು ನೆನಪಿಡುವಂಥದ್ದು ಏನಿದೆ? – ಹುಮನಾಬಾದ್‌ನ ಓದುಗರು

ಉತ್ತರ: ಸರ್, ಆ ತಿಂಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಅದರ ಹಿಂದಿನದು ಬಹಳ ಇದೆ, ಅದರಲ್ಲಿ ನೋವಿನದ್ದೇ ಜಾಸ್ತಿ. ಇಂಡಿಯಾನಾ ಪ್ರಾಂತ್ಯದ ಗವರ್ನರ್ ಆಗಿದ್ದಾಗ 1809ರ ಒಂದೇ ಒಪ್ಪಂದದಲ್ಲಿ ಅಲ್ಲಿನ ಮೂಲನಿವಾಸಿಗಳ ಸುಮಾರು 30 ಲಕ್ಷ ಎಕರೆ ಭೂಮಿ ಪಡೆದ. ಈ ಭೂಮಿ ಎಲ್ಲರದ್ದು, ಒಂದಿಬ್ಬರು ಸಹಿ ಹಾಕಿ ಮಾರಲಿಕ್ಕಾಗದು ಅಂತ ಶಾನೀ ಜನರ ನಾಯಕ ಟೆಕಮ್ಸೆ ಎದ್ದು ನಿಂತ. 1813ರಲ್ಲಿ ಹ್ಯಾರಿಸನ್‌ನ ಸೈನ್ಯದ ಎದುರು ಹೋರಾಡುತ್ತಲೇ ಸತ್ತ. ನನಗೆ ಕೇಳಿದರೆ ಆ ಟೆಕಮ್ಸೆಯನ್ನೇ ಮೊದಲು ನೆನೆಯಬೇಕು. 1840ರ ಚುನಾವಣೆಯಲ್ಲಿ ಹ್ಯಾರಿಸನ್‌ನನ್ನು ಮರದ ಗುಡಿಸಲಿನ ಬಡವ ಅಂತ ತೋರಿಸಿದರು. ಹುಟ್ಟಿದ್ದು ವರ್ಜೀನಿಯಾದ ದೊಡ್ಡ ಜಮೀನ್ದಾರರ ಮನೆಯಲ್ಲಿ!

ಅವನು ಸತ್ತಾಗ ಉಪಾಧ್ಯಕ್ಷ ಜಾನ್ ಟೈಲರ್ ಪೂರ್ತಿ ಅಧ್ಯಕ್ಷನಾಗುತ್ತಾನಾ, ಹಂಗಾಮಿಯಾ ಅನ್ನುವ ಜಗಳ ಎದ್ದಿತ್ತು. ನಾನೇ ಅಧ್ಯಕ್ಷ ಅಂತ ಟೈಲರ್ ಕೂತುಬಿಟ್ಟ. ಅದು ಸಂವಿಧಾನದಲ್ಲಿ ಸ್ಪಷ್ಟವಾಗಿ ಸೇರಿದ್ದು 1967ರಲ್ಲಿ.

ಹೆಂಡತಿ ಆನಾ ಆರೋಗ್ಯ ಸರಿಯಿಲ್ಲದೆ ಓಹಾಯೋದ ನಾರ್ತ್ ಬೆಂಡ್‌ನ ಮನೆಯಲ್ಲೇ ಉಳಿದಿದ್ದಳು. ಚಳಿ ಕಳೆದ ಮೇಲೆ ಹೊರಡೋಣ ಅಂತ ಸಾಮಾನು ಕಟ್ಟುತ್ತಿದ್ದಾಗ ಸುದ್ದಿ ಬಂತು. ಅವಳು ವಾಷಿಂಗ್ಟನ್‌ಗೆ ಹೋಗಲೇ ಇಲ್ಲ. ಮುಂದೆ ಅವನ ದೇಹವನ್ನೇ ನಾರ್ತ್ ಬೆಂಡ್‌ಗೆ ತಂದು ಮಣ್ಣು ಮಾಡಿದರು.