ಓದುಗರ ಪ್ರಶ್ನೆ: ‘ಕಡೆಯ ಭೋಜನ’ದ ಬಣ್ಣ ಉದುರಿದ್ದೇಕೆ?

ಪ್ರಶ್ನೆ: ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆಚಿತ್ರಗಳು ನೂರು ವರ್ಷ ದಾಟಿಯೂ ನಿಂತಿವೆ. ಯೇಸು ಹನ್ನೆರಡು ಶಿಷ್ಯರೊಂದಿಗೆ ಕೊನೆಯ ಊಟಕ್ಕೆ ಕೂತಿರುವ ಲಿಯೊನಾರ್ಡೊ ದ ವಿಂಚಿಯ ಚಿತ್ರ ‘ಕಡೆಯ ಭೋಜನ’ ಅವನು ಬದುಕಿದ್ದಾಗಲೇ ಕೆಟ್ಟಿತಂತೆ. ಯಾಕೆ?

ಉತ್ತರ: ಎಲ್ಲ ಗಾರೆಯ ವಿಷಯ. ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಅಲೋಶಿಯಸ್‌ನ ಗೋಡೆಗಳ ಮೇಲೆ ಬರೆದದ್ದು ಫ್ರೆಸ್ಕೊ. ಸುಣ್ಣ–ಮರಳಿನ ಗಾರೆ ಹಸಿ ಇರುವಾಗಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚುವ ವಿಧಾನವಿದು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಕಲ್ಲಾಗುತ್ತದೆ, ಬಣ್ಣ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಬೇರೆ ಅಂಟು ಬೇಡ. ಆದರೆ ಆಯಾ ದಿನ ಮುಗಿಸಬಲ್ಲಷ್ಟು ಜಾಗಕ್ಕೇ ಗಾರೆ ಬಳಿಯಬೇಕು, ಕೈ ಚುರುಕಾಗಿರಬೇಕು.

ಲಿಯೊನಾರ್ಡೊನಿಗೆ ಆ ಅವಸರ ಒಗ್ಗದು. ಬರೆದದ್ದನ್ನು ಮತ್ತೆಮತ್ತೆ ತಿದ್ದುವವನು. ಹಾಗಾಗಿ ಮಿಲಾನ್‌ನ ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆ ಮಠದ ಊಟದ ಹಾಲ್‌ನಲ್ಲಿ, ಸುಮಾರು 4.6 ಮೀಟರ್ ಎತ್ತರ, 8.8 ಮೀಟರ್ ಅಗಲದ ಚಿತ್ರಕ್ಕೆ ಒಣ ಗೋಡೆಯನ್ನೇ ಆರಿಸಿಕೊಂಡ. ಗಾರೆಯ ಮೇಲೊಂದು ತಳಪದರ, ಅದರ ಮೇಲೆ ಸೀಸದ ಬಿಳಿ, ಆಮೇಲೆ ಟೆಂಪೆರಾ (ಮೊಟ್ಟೆಯಂಥ ಅಂಟಿನಲ್ಲಿ ಕಲಸಿದ ಬಣ್ಣ) ಮತ್ತು ಎಣ್ಣೆ ಬಣ್ಣ. ಮರದ ಹಲಗೆಗೆ ಒಪ್ಪುವ ಕೆಲಸ, ತೇವ ಏರುವ ಗೋಡೆಗಲ್ಲ. ಬಣ್ಣ ಗೋಡೆಯೊಳಗೆ ಇಳಿಯಲಿಲ್ಲ, ಮೇಲೆ ಕೂತಿತು. ಶೀತ ತಗುಲಿದ್ದೇ ಹಕ್ಕಳೆ ಎದ್ದಿತು. ಮುಗಿದದ್ದು 1498ರ ಸುಮಾರಿಗೆ. 1517ರಲ್ಲಿ ನೋಡಿದವರೇ ಕೆಡುತ್ತಿದೆ ಎಂದು ಬರೆದಿಟ್ಟಿದ್ದಾರೆ. ಇದನ್ನು ಫ್ರೆಸ್ಕೊ ಎನ್ನುವುದು ರೂಢಿಯ ತಪ್ಪು. 19ನೇ ಶತಮಾನದ ರಿಪೇರಿಗಾರನೊಬ್ಬ ಹಾಗೆಂದೇ ನಂಬಿ ಚಿತ್ರವನ್ನು ಗೋಡೆಯಿಂದ ಬಿಡಿಸಲು ಹೋಗಿ ಇನ್ನಷ್ಟು ಕೆಡಿಸಿದ.

ಪ್ರಶ್ನೆ: ಇದರಲ್ಲಿ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ ಯಾರು?

ಉತ್ತರ: ನಮ್ಮ ಎಡದಿಂದ ಎರಡನೇ ಗುಂಪು ನೋಡಿ. ಮೇಜಿಗೆ ಮೊಣಕೈ ಊರಿ, ಬಲಗೈಯಲ್ಲಿ ಹಣದ ಚೀಲ ಹಿಡಿದು, ನೆರಳಲ್ಲಿ ಮುಖವಿರುವವನೇ ಯೂದ. ಹಿಂದಿನ ಚಿತ್ರಕಾರರು ಹೆಚ್ಚಾಗಿ ಅವನೊಬ್ಬನನ್ನೇ ಮೇಜಿನ ಈಚೆ ಕೂರಿಸುತ್ತಿದ್ದರು. ‘ನಿಮ್ಮಲ್ಲಿ ಒಬ್ಬನು ನನ್ನನ್ನು ಹಿಡಿದುಕೊಡುವನು’ ಎಂದು ಯೇಸು ಹೇಳಿದ ಕ್ಷಣದಲ್ಲಿ ದ್ರೋಹಿಯೂ ಪಂಕ್ತಿಯಲ್ಲೇ ಇರಬೇಕೆಂದು ಲಿಯೊನಾರ್ಡೊ ಮೂರು ಮೂರು ಜನರ ನಾಲ್ಕು ಗುಂಪಿನಲ್ಲಿ ಅವನನ್ನೂ ಸೇರಿಸಿದ.

ಪ್ರಶ್ನೆ: ಈಗ ಕಾಣುವುದರಲ್ಲಿ ಮೂಲ ಎಷ್ಟು? ಯೇಸುವಿನ ಪಾದ ಏಕಿಲ್ಲ?

ಉತ್ತರ: 1652ರಲ್ಲಿ ಚಿತ್ರದ ಕೆಳಭಾಗದ ಗೋಡೆಗೆ ಬಾಗಿಲು ಕೊರೆದಾಗ ಪಾದಗಳು ಹೋದವು. 1978ರಿಂದ 1999ರವರೆಗೆ ಚಿತ್ರ ದುರಸ್ತಿ ತಜ್ಞೆ ಪಿನಿನ್ ಬ್ರಾಂಬಿಲ್ಲಾ ಬಾರ್ಚಿಲೋನ್ ನೇತೃತ್ವದಲ್ಲಿ ಹಳೆಯ ತೇಪೆ ಬಣ್ಣಗಳನ್ನು ತೆಗೆದು, ಖಾಲಿ ಉಳಿದೆಡೆ ತೆಳು ಜಲವರ್ಣ ಹಚ್ಚಿದರು. ಮೂಲದ ಬಣ್ಣ ಉಳಿದಿರುವುದು ತುಣುಕು ತುಣುಕಾಗಿ. ಪಾದ ನೋಡಲೇಬೇಕೆಂದರೆ 1520ರ ಸುಮಾರಿಗೆ ಚಿತ್ರಕಾರ ಜಾಂಪಿಯೆಟ್ರಿನೊ ಮಾಡಿದ ಪ್ರತಿಯ ಫೋಟೊ ಹುಡುಕಿ. ಯೂದನ ಕೈ ತಾಗಿ ಉರುಳಿದ ಉಪ್ಪಿನ ಬಟ್ಟಲೂ ಅದರಲ್ಲಿ ಸ್ಪಷ್ಟ. ಮಿಲಾನ್‌ಗೇ ಹೋಗುವುದಾದರೆ ಟಿಕೆಟ್ ಮೊದಲೇ ಕಾದಿರಿಸಿ. ಒಳಗೆ ಬಿಡುವುದು 15 ನಿಮಿಷ ಮಾತ್ರ.