‘ಎದಿ ಭಾರ’ ಅಂದರೆ ಎದೆನೋವಲ್ಲ

ಆಪ್ತಸಲಹೆಗಾರ್ತಿಯಾದ ನಾನು ಈ ಪ್ರಕರಣ ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹೆಂಡತಿ ನನ್ನನ್ನು ‘ಅಕ್ಕಾರ’ ಅನ್ನುತ್ತಿದ್ದಳು, ನಾನು ‘ತಂಗಿ’ ಅನ್ನುತ್ತಿದ್ದೆ. ಇಲ್ಲಿಯೂ ಹಾಗೇ ಇರಲಿ.

ಮೊದಲು ಬಂದವರು ಆಕೆಯ ತಾಯಿ. ಗದಗದಿಂದ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಬಂದಿದ್ದರು. ಕೂತವರೇ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಅದರಲ್ಲಿ ರಕ್ತ ಹೆಚ್ಚುವ ಗುಳಿಗೆ, ಗ್ಯಾಸಿನ ಗುಳಿಗೆ, ಮತ್ತೆ ನಿದ್ದೆ ಗುಳಿಗೆಯ ಎರಡು ಸ್ಟ್ರಿಪ್. ನಿದ್ದೆ ಗುಳಿಗೆ ಡಾಕ್ಟರು ಅವರಿಗೇ ಬರೆದುಕೊಟ್ಟದ್ದು.

‘ಮುಂದಿನ ವಾರ ನಮ್ಮ ಓಣ್ಯಾಗಿನ ಹುಡುಗ ಲಂಡನ್ನಿಗೆ ಹೊಂಟಾನ್ರಿ. ಅವನ ಕೈಯಾಗ ಮಗಳಿಗೆ ಕಳಸ್ತೀನಿ. ಸರಿಯಾಗಿ ತಗೋ ಅಂತ ನೀವೊಂದಿಷ್ಟು ಬುದ್ಧಿ ಹೇಳ್ರಿ ಅಕ್ಕಾರ’ ಅಂದರು.

ಮಗಳಿಗೆ ಇಪ್ಪತ್ತಾರು ವರ್ಷ. ಕನ್ನಡ ಮಾಧ್ಯಮದಲ್ಲಿ ಓದಿ ಧಾರವಾಡದಲ್ಲಿ ಬಿ.ಎ. ಮುಗಿಸಿದವಳು. ಮದುವೆಯಾಗಿ ಒಂದೂವರೆ ವರ್ಷದ ಹಿಂದೆ ಗಂಡನ ಜೊತೆ ಇಂಗ್ಲೆಂಡಿಗೆ ಹೋಗಿದ್ದಳು. ಗಂಡ ಸಾಫ್ಟ್‌ವೇರ್ ಕೆಲಸದವನು. ಎರಡು ತಿಂಗಳ ಹಿಂದೆ ಗರ್ಭ ನಿಲ್ಲದೆ ಹೋಗಿತ್ತು. ಆಮೇಲಿಂದ ಫೋನಿನಲ್ಲಿ ‘ಹೂಂ’, ‘ಹಾಂ’ ಅಷ್ಟೇ. ಊಟ ಇಲ್ಲ, ನಿದ್ದೆ ಇಲ್ಲ.

‘ಅಲ್ಲೇ ತೋರಿಸಬಹುದಲ್ಲ?’ ಅಂದೆ. ‘ಅಲ್ಲಿ ದವಾಖಾನಿ ಮೆಟ್ಟಿಲು ಹತ್ತಿದ್ರ ಲಕ್ಷಗಟ್ಟಲೆ ಬಿಲ್ ಅಂತ್ರಿ’ ಅಂದರು.

ಇದು ನಮ್ಮ ಕಡೆ ಬಹಳ ಜನರ ತಲೆಯಲ್ಲಿ ಕೂತ ಮಾತು. ಅಮೆರಿಕದ ಕತೆ ಕೇಳಿ ಎಲ್ಲ ದೇಶವೂ ಹಾಗೇ ಅಂದುಕೊಂಡಿರುತ್ತೇವೆ. ಬ್ರಿಟನ್‌ಗೆ ಆರು ತಿಂಗಳಿಗಿಂತ ಜಾಸ್ತಿ ಅವಧಿಯ ವೀಸಾ ತಗೊಳ್ಳುವಾಗ ಆರೋಗ್ಯದ ಶುಲ್ಕವನ್ನು ಅರ್ಜಿಯ ಜೊತೆಗೇ ಕಟ್ಟಿಸಿಕೊಳ್ಳುತ್ತಾರೆ. 2024ರ ಫೆಬ್ರುವರಿಯಿಂದ ಅದು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್. ಮೂರು ವರ್ಷದ ವೀಸಾ ಆದರೆ ಒಬ್ಬರಿಗೆ 3,105 ಪೌಂಡ್, ಅದೂ ಒಂದೇ ಗಂಟಿನಲ್ಲಿ. ಅಷ್ಟು ಕಟ್ಟಿದ ಮೇಲೆ ಅಲ್ಲಿನ ಸರಕಾರಿ ಆರೋಗ್ಯ ವ್ಯವಸ್ಥೆಯಾದ ಎನ್‌ಎಚ್‌ಎಸ್‌ನಲ್ಲಿ ಡಾಕ್ಟರ ಫೀ ಇಲ್ಲ, ಆಸ್ಪತ್ರೆ ಬಿಲ್ ಇಲ್ಲ. ಇಂಗ್ಲೆಂಡಿನಲ್ಲಾದರೆ ಬರೆದುಕೊಟ್ಟ ಒಂದೊಂದು ಔಷಧಿಗೆ 2025ರಲ್ಲಿ 9.90 ಪೌಂಡ್ ಇತ್ತು, ಅಷ್ಟೇ. ದುಡ್ಡು ಆಗಲೇ ಕಟ್ಟಿಯಾಗಿದೆ ಅಂದಾಗ ಆ ತಾಯಿ ನನ್ನ ಮುಖವನ್ನೇ ನೋಡುತ್ತಾ ಕೂತರು.

ನಿದ್ದೆ ಗುಳಿಗೆ ಬೇಡವೇ ಬೇಡ ಅಂದೆ. ಅಂಥ ಗುಳಿಗೆಗಳಲ್ಲಿ ಅನೇಕವು ಬ್ರಿಟನ್‌ನಲ್ಲಿ ಹಿಡಿತದಲ್ಲಿಟ್ಟ ಔಷಧಿಗಳು. ತನಗೇ ಬರೆದುಕೊಟ್ಟದ್ದಾದರೂ ಡಾಕ್ಟರ ಚೀಟಿ ಜೊತೆಗಿರಬೇಕು. ಇನ್ನೊಬ್ಬರ ಹೆಸರಿನದನ್ನು ಹೊತ್ತು ಹೋದರೆ ಆ ಹುಡುಗನಿಗೆ ತೊಂದರೆ. ಆದರೆ ನನ್ನ ದೊಡ್ಡ ಭಯ ಅದಲ್ಲ. ಮನಸ್ಸು ಕುಸಿದು ಒಬ್ಬಳೇ ಕೂತ ಹುಡುಗಿಯ ಕೈಗೆ ಎರಡು ಸ್ಟ್ರಿಪ್ ನಿದ್ದೆ ಗುಳಿಗೆ ಹೋಗಬಾರದು. ಇದನ್ನು ತಾಯಿಗೆ ಬಿಡಿಸಿಯೇ ಹೇಳಿದೆ. ಕವರನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. ಕಣ್ಣಲ್ಲಿ ನೀರಿತ್ತು.

ಎರಡು ದಿನ ಬಿಟ್ಟು ಮಗಳ ಜೊತೆ ವಿಡಿಯೋ ಕರೆ. ಆಗ ಚಳಿಗಾಲ, ಅಲ್ಲಿಗೂ ಇಲ್ಲಿಗೂ ಐದೂವರೆ ತಾಸು ವ್ಯತ್ಯಾಸ. ಇಲ್ಲಿ ಮಧ್ಯಾಹ್ನ ನಾಲ್ಕೂವರೆ, ಅಲ್ಲಿ ಬೆಳಿಗ್ಗೆ ಹನ್ನೊಂದು. ಬೇಕಂತಲೇ ಗಂಡ ಆಫೀಸಿಗೆ ಹೋದ ಹೊತ್ತನ್ನು ಆರಿಸಿದ್ದೆ. ಮನೆಯಲ್ಲಿ ಯಾರಾದರೂ ಇದ್ದಾರಾ, ಗಂಡ ಕೈ ಎತ್ತುತ್ತಾನಾ, ಹೊರಗೆ ಹೋಗಲು ಬಿಡುತ್ತಾನಾ ಅಂತ ಮೊದಲೇ ಕೇಳಿಕೊಂಡೆ. ಅಂಥದ್ದೇನೂ ಇರಲಿಲ್ಲ. ಸಾಯಬೇಕು ಅನಿಸುತ್ತದಾ ಅಂತಲೂ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಅಂತ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದಾಗ ಎದೆಯೊಳಗಿನದು ಹೊರಗೆ ಬರುತ್ತದೆ.

‘ಸಾಯಬೇಕು ಅಂತಿಲ್ರಿ ಅಕ್ಕಾರ. ರಾತ್ರಿ ಮಲಗಿದಾಕಿ ಬೆಳಗ್ಗೆ ಏಳದಿದ್ರ ಛಲೋ ಆಗ್ತಿತ್ತು ಅನ್ನಸ್ತೈತಿ.’

ಈ ಮಾತನ್ನು ಹಗುರವಾಗಿ ತಗೊಳ್ಳುವಂತಿರಲಿಲ್ಲ. ಅವತ್ತೇ ಎರಡು ನಂಬರ್ ಬರೆಸಿದೆ. ಜೀವಕ್ಕೆ ಅಪಾಯ ಅನಿಸಿದರೆ 999. ಮನಸ್ಸು ತೀರಾ ಕೆಟ್ಟರೆ ಹಗಲಿರುಳು 111, ಅದರಲ್ಲಿ 2 ಒತ್ತಿದರೆ ಮಾನಸಿಕ ಆರೋಗ್ಯದವರು ಸಿಗುತ್ತಾರೆ. ನಾನು ಆಪ್ತಸಲಹೆಗಾರ್ತಿ, ಡಾಕ್ಟರಲ್ಲ, ನಿನಗೆ ಅಲ್ಲಿನ ಡಾಕ್ಟರು ಬೇಕೇ ಬೇಕು ಅಂತಲೂ ಹೇಳಿದೆ.

‘ಹೋಗಿದ್ವಲ್ರಿ’ ಅಂದಳು. ‘ನಾ ಹೇಳಿದ್ದು ಡಾಕ್ಟರಿಗೆ ಮುಟ್ಟೂದ ಇಲ್ಲ.’

ತಿಂಗಳ ಹಿಂದೆ ಒಂದು ಸಂಜೆ ಗಂಡನಿಗೆ ‘ಎದಿ ಭಾರ ಆಗೇತಿ’ ಅಂದಿದ್ದಳಂತೆ. ಅವನು ಗಾಬರಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾನೆ. ಡಾಕ್ಟರು ಕೇಳಿದಾಗ ‘ಚೆಸ್ಟ್ ಪೇನ್’ ಅಂದಿದ್ದಾನೆ. ಇಸಿಜಿ ಮಾಡಿದರು, ರಕ್ತ ತಗೊಂಡರು, ಹೃದಯ ಚೆನ್ನಾಗಿದೆ ಅಂತ ಮನೆಗೆ ಕಳಿಸಿದರು. ಡಾಕ್ಟರು ತಪ್ಪು ಮಾಡಲಿಲ್ಲ. ಎದೆನೋವು ಅಂದರೆ ಹೃದಯವನ್ನೇ ಮೊದಲು ನೋಡಬೇಕು. ಆದರೆ ನಮ್ಮಲ್ಲಿ ‘ಎದಿ ಭಾರ’ ಅಂದರೆ ಏನು ಅಂತ ಗದಗಿನ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾಳೆ. ಅದು ದುಃಖದ ಮಾತು. ಇಂಗ್ಲಿಷಿಗೆ ಹೋಗುವಷ್ಟರಲ್ಲಿ ದುಃಖ ಉದುರಿಹೋಗಿ ಎದೆ ಮಾತ್ರ ಉಳಿದಿತ್ತು. ‘ಎಲ್ಲಾ ನಾರ್ಮಲ್ ಐತಂತ ಅಂದ್ರು. ಮತ್ತ ನಾನ ಹುಚ್ಚಿ ಆದೆ’ ಅಂದಳು.

ಎರಡನೇ ಕರೆಯಲ್ಲಿ ಗರ್ಭದ ಮಾತು ಬಂತು. ಅಕ್ಕಿ ಚೀಲ. ಹತ್ತು ಕಿಲೋದ ಅಕ್ಕಿ ಚೀಲವನ್ನು ಮೂರನೇ ಮಹಡಿಗೆ ಹೊತ್ತಿದ್ದಳು. ಲಿಫ್ಟ್ ಕೆಟ್ಟಿತ್ತು. ಮೂರನೇ ದಿನ ರಕ್ತ ಕಾಣಿಸಿಕೊಂಡಿತು. ‘ನಾನ ಕೊಂದೀನ್ರಿ ಅದನ್ನ’ ಅಂದಳು. ಎರಡು ತಿಂಗಳಿಂದ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಇಲ್ಲ, ಅವ್ವನಿಗೂ ಇಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಬಹಳ ಹೊತ್ತು ಮಾತಾಡಿದ್ದರು, ಒಂದು ಕಾಗದವನ್ನೂ ಕೊಟ್ಟಿದ್ದರು. ಗಂಡ ಆಕೆಗೆ ಹೇಳಿದ್ದು ಒಂದೇ ಸಾಲು: ‘ಹೋತಂತ. ಮನೀಗೆ ಹೋಗೂಣು.’

ಆಕೆ ಒಪ್ಪಿದ ಮೇಲೆ ಮೂರನೇ ಸಲ ಇಬ್ಬರನ್ನೂ ಕೂಡಿಸಿದೆ. ಗಂಡ ಒಳ್ಳೆಯ ಹುಡುಗ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ‘ತಮ್ಮಾ, ಅವತ್ತು ಡಾಕ್ಟರು ಏನೇನು ಅಂದರು? ನೆನಪಿದ್ದಷ್ಟು ಹೇಳು’ ಅಂದೆ. ಅವನು ನಿಧಾನಕ್ಕೆ ಹೇಳುತ್ತಾ ಹೋದ. ಗರ್ಭ ಬೆಳೆದಿಲ್ಲ ಅಂದರು. ರಕ್ತ ಜಾಸ್ತಿ ಹೋದರೆ ಯಾವ ನಂಬರಿಗೆ ಫೋನ್ ಮಾಡಬೇಕು ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದ.

‘ನೀವೇನೋ ಮಾಡಿದ್ದಕ್ಕ ಹಿಂಗ ಆಗಿಲ್ಲ, ಇದು ನಿಮ್ಮ ತಪ್ಪಲ್ಲ ಅಂತನೂ ಅಂದ್ರ್ರಿ. ಎರಡು ಸಲ ಅಂದ್ರು.’

ತಂಗಿ ಅವನ ಕಡೆ ತಿರುಗಿದಳು. ‘ನನಗ್ಯಾಕ ಹೇಳಲಿಲ್ಲ?’

‘ನನಗ ಮಾತ ಬರಲಿಲ್ಲ’ ಅಂದ. ಅತ್ತುಬಿಟ್ಟ. ಅವನ ಮಗುವೂ ಅಲ್ವಾ ಹೋದದ್ದು?

ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ತನ್ನದೇ ದುಃಖ ಗಂಟಲಲ್ಲಿ ಕಟ್ಟಿರುವಾಗ ಇನ್ನೊಬ್ಬರ ದುಃಖವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸು ಅಂದರೆ ಯಾರಿಂದ ಆದೀತು? ಆ ಕೆಲಸ ಅವನ ಹೆಗಲಿಗೆ ಬೀಳಲೇಬಾರದಿತ್ತು. ಡಾಕ್ಟರು ಹೇಳಿದ್ದು ನಿಜವೇ. ಗರ್ಭಿಣಿ ಅಂತ ಗೊತ್ತಾದ ಮೇಲೂ ಎಂಟರಲ್ಲಿ ಒಂದು ಗರ್ಭ ಹೀಗೆ ಹೋಗುತ್ತದೆ ಅಂತ ಎನ್‌ಎಚ್‌ಎಸ್ ಹೇಳುತ್ತದೆ. ಮೊದಲ ಮೂರು ತಿಂಗಳಲ್ಲಿ ಹೋಗುವುದಕ್ಕೆ ಹೆಚ್ಚಾಗಿ ಭ್ರೂಣದ ವರ್ಣತಂತುಗಳ ದೋಷ ಕಾರಣ. ಭಾರ ಎತ್ತಿದ್ದರಿಂದಲ್ಲ. ಇದನ್ನು ಅವತ್ತು ಗಂಡನ ಬಾಯಿಂದಲೇ ಕನ್ನಡದಲ್ಲಿ ಹೇಳಿಸಿದೆ, ಒಂದಲ್ಲ, ಮೂರು ಸಲ.

ಮುಂದಿನ ದಾರಿಯನ್ನೂ ಮೂವರೂ ಕೂತೇ ಮಾಡಿಕೊಂಡೆವು. ಅಲ್ಲಿ ಮೊದಲು ಹೋಗಬೇಕಾದದ್ದು ಜಿಪಿ ಹತ್ತಿರ, ಅಂದರೆ ಮನೆ ಹತ್ತಿರದ ಡಾಕ್ಟರು. ಗಂಡ ಹೆಸರು ಹಚ್ಚಿಸಿದ್ದ, ಈಕೆಯ ಹೆಸರನ್ನು ಇನ್ನೂ ಹಚ್ಚಿಸಿರಲಿಲ್ಲ. ಅದಕ್ಕೆ ದುಡ್ಡಿಲ್ಲ. ಗುರುತಿನ ಚೀಟಿ, ವಿಳಾಸದ ದಾಖಲೆ ಇಲ್ಲ ಅಂತ ತಿರುಗಿಸಿ ಕಳಿಸುವಂತೆಯೂ ಇಲ್ಲ. ಹೆಣ್ಣು ಡಾಕ್ಟರು ಬೇಕು ಅಂತ ಕೇಳಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ದುಭಾಷಿ. ಇಂಗ್ಲಿಷ್ ಬಾರದ ರೋಗಿಗೆ ಎನ್‌ಎಚ್‌ಎಸ್ ತನ್ನ ಖರ್ಚಿನಲ್ಲೇ ದುಭಾಷಿ ಒದಗಿಸಬೇಕು. ಹೆಚ್ಚಾಗಿ ಫೋನಿನಲ್ಲೇ ಕೂಡಿಸುತ್ತಾರೆ. ಮನೆಯವರನ್ನು ದುಭಾಷಿ ಮಾಡಿಕೊಳ್ಳಬಾರದು ಅಂತ ಅವರದೇ ಮಾರ್ಗಸೂಚಿ ಇದೆ. ಕೆಲವು ಮನೆಗಳಲ್ಲಿ ಹೆಂಡತಿ ಹೇಳಿದ್ದನ್ನು ಗಂಡ ಬೇಕಂತಲೇ ಮುಚ್ಚಿಡುತ್ತಾನೆ. ಇಲ್ಲಿ ಹಾಗಿರಲಿಲ್ಲ, ಆದರೂ ಮಾತು ಮುಟ್ಟಿರಲಿಲ್ಲ.

ಕೇಳುವುದನ್ನು ರೂಢಿ ಮಾಡಿಸಿದೆ. ‘ಐ ನೀಡ್ ಎ ಕನ್ನಡ ಇಂಟರ್‌ಪ್ರಿಟರ್, ಪ್ಲೀಸ್. ನಾಟ್ ಮೈ ಹಸ್ಬೆಂಡ್.’ ಇಷ್ಟನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಂಡಳು. ಅಪಾಯಿಂಟ್‌ಮೆಂಟ್ ಕೇಳುವಾಗಲೇ ಇದನ್ನು ಹೇಳಬೇಕು. ಡಾಕ್ಟರ ಎದುರು ಕೂತ ಮೇಲೆ ಹೇಳಿದರೆ ಹೊತ್ತು ಸಾಲುವುದಿಲ್ಲ. ದುಭಾಷಿ ಇದ್ದರೆ ಪ್ರತಿ ಮಾತೂ ಎರಡು ಸಲ ಆಗುತ್ತದೆ, ಹಾಗಾಗಿ ಎರಡು ಪಟ್ಟು ಸಮಯ ಕೇಳು ಅಂದೆ. ಮೊದಲ ಸಲ ಫೋನ್ ಮಾಡಿದಾಗ ಆ ಕಡೆಯವರಿಗೆ ‘ಕನ್ನಡ’ ಅನ್ನುವುದು ‘ಕೆನಡಾ’ ಅಂತ ಕೇಳಿಸಿತಂತೆ. ಸೌತ್ ಇಂಡಿಯಾ, ಕರ್ನಾಟಕ ಅಂತ ಕೂಡಿಸಿ ಹೇಳಿದ ಮೇಲೆ ಸರಿಹೋಯಿತು. ವಿದೇಶದಲ್ಲಿರುವ ಎಲ್ಲರೂ ಇದನ್ನು ನೆನಪಿಡಿ.

ಡಾಕ್ಟರಿಗೆ ಹೇಳಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರಿ, ಪುಸ್ತಕದ ಕನ್ನಡ ಬೇಡ, ನಿನ್ನ ಬಾಯಿಗೆ ಬಂದಂಗೇ ಬರಿ ಅಂದಿದ್ದೆ. ಆಕೆ ಬರೆದದ್ದು ಇಷ್ಟು:

‘ರಾತ್ರಿ ಮೂರಕ್ಕ ಎಚ್ಚರ ಆಗತೈತಿ, ಮತ್ತ ನಿದ್ದಿ ಹತ್ತೂದಿಲ್ಲ. ಎದಿ ಭಾರ. ನೋವಲ್ಲ, ಕಲ್ಲು ಇಟ್ಟಂಗ. ರೊಟ್ಟಿ ಬಡಿಯಾಕ ನಿಂತ್ರ ಕೈ ಏಳೂದಿಲ್ಲ. ಮೆಟ್ಟಿಲು ಹತ್ತಿದ್ರ ತೇಕು ಬರತೈತಿ. ಕೂಸಿನ ಗಾಡಿ ಕಂಡ್ರ ರಸ್ತೆ ದಾಟಿ ಆ ಕಡೆ ಹೋಗ್ತೀನಿ.’

ಇಷ್ಟು ವರ್ಷದ ನನ್ನ ಕೆಲಸದಲ್ಲಿ ಇದಕ್ಕಿಂತ ಸ್ಪಷ್ಟವಾದ ವರದಿಯನ್ನು ನಾನು ಓದಿಲ್ಲ.

ಫೋನಿನಲ್ಲಿ ಬಂದ ದುಭಾಷಿ ಮೈಸೂರು ಕಡೆಯ ಕನ್ನಡದ ಹೆಣ್ಣುಮಗಳು. ‘ತೇಕು’ ಅಂದರೆ ಏನಮ್ಮ, ಉಸಿರು ಕಟ್ಟುತ್ತಾ ಅಂತ ಕೇಳಿ ತಿಳಿದುಕೊಂಡೇ ಡಾಕ್ಟರಿಗೆ ಹೇಳಿದರಂತೆ. ಒಳ್ಳೆಯ ದುಭಾಷಿ ಹಾಗೇ, ಊಹೆ ಮಾಡುವುದಿಲ್ಲ. ಡಾಕ್ಟರು ಕಳೆದ ಎರಡು ವಾರದ ಮನಸ್ಸಿನ ಸ್ಥಿತಿಯ ಬಗ್ಗೆ ಒಂಬತ್ತು ಪ್ರಶ್ನೆ ಕೇಳಿದರು. ಖಿನ್ನತೆ ಅಳೆಯಲು ಎಲ್ಲ ಕಡೆ ಬಳಸುವ ಪ್ರಶ್ನೆಗಳೇ ಅವು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಬಂತು, ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ರಕ್ತ ಕಮ್ಮಿ ಆಗೈತಿ ಅಂತ ಗದಗಿನ ಅವ್ವ ಮೊದಲೇ ಅಂದಿದ್ದರು. ಅವರ ಲೆಕ್ಕ ಅರ್ಧ ಸರಿಯಿತ್ತು. ಖಿನ್ನತೆಗೆ ಮಾತಿನ ಚಿಕಿತ್ಸೆಯ ದಾರಿ ತೋರಿಸಿದರು. ಇಂಗ್ಲೆಂಡಿನಲ್ಲಿ ಅದಕ್ಕೆ ಡಾಕ್ಟರ ಚೀಟಿಯೂ ಬೇಕಿಲ್ಲ, ನಾವೇ ಹೆಸರು ಹಚ್ಚಬಹುದು. ಆದರೆ ಸರದಿ ಕಾಯಬೇಕು. ಕಾಯುವ ಆ ವಾರಗಳಲ್ಲಿ ನಾನು ವಾರಕ್ಕೊಮ್ಮೆ ಮಾತಾಡುತ್ತಿದ್ದೆ.

ಇಷ್ಟರಲ್ಲಿ ತಾಯಿ ತಾವೇ ಹೊರಡುತ್ತೇನೆ ಅಂದರು. ಒಳ್ಳೆಯದೇ. ಆದರೆ ಅವರ ಸ್ಥಿತಿ ಮಗಳ ಸ್ಥಿತಿಯ ಹಾಗಲ್ಲ ಅಂತ ತಿಳಿಸಿ ಹೇಳಬೇಕಾಯಿತು. ವಿಸಿಟರ್ ವೀಸಾದವರು ಆ ಶುಲ್ಕ ಕಟ್ಟಿರುವುದಿಲ್ಲ. ತುರ್ತು ವಿಭಾಗದಲ್ಲಿ ನೋಡುವುದು ಪುಕ್ಕಟೆ. ಆದರೆ ವಾರ್ಡಿಗೆ ಸೇರಿಸಿದರೆ ಬಿಲ್ ಬರುತ್ತದೆ, ಅದೂ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು. 500 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಬಾಕಿ ಉಳಿಸಿ ಬಂದರೆ ಮುಂದೆ ವೀಸಾ ನಿರಾಕರಿಸಬಹುದು. ಅವರಿಗೆ ಬಿಪಿ, ಸಕ್ಕರೆ ಎರಡೂ ಇವೆ. ಎರಡನ್ನೂ ಮುಚ್ಚಿಡದೆ ಬರೆಸಿ ಪ್ರವಾಸ ವಿಮೆ ಮಾಡಿಸಿ ಅಂದೆ. ಮುಚ್ಚಿಟ್ಟರೆ ಕಂತು ಕಡಿಮೆ ಆಗುತ್ತದೆ, ಬೇಕಾದಾಗ ವಿಮೆ ಕೈಗೆ ಸಿಗುವುದಿಲ್ಲ. ತಮ್ಮ ಗುಳಿಗೆಗಳನ್ನು ಸ್ಟ್ರಿಪ್ ಸಮೇತ, ಡಾಕ್ಟರ ಚೀಟಿ ಸಮೇತ ಒಯ್ಯಬೇಕು ಅಂತಲೂ ಹೇಳಿದೆ.

ಇನ್ನೊಂದು ವಿಷಯವನ್ನು ಗಂಡ ಹುಡುಕಿ ತಂದ. 24 ವಾರದೊಳಗೆ ಹೋದ ಗರ್ಭಕ್ಕೂ ಇಂಗ್ಲೆಂಡಿನಲ್ಲಿ 2024ರಿಂದ ಸರಕಾರವೇ ಒಂದು ಪ್ರಮಾಣಪತ್ರ ಕೊಡುತ್ತದೆ. ಬೇಕಾದವರು ಕೇಳಿ ಪಡೆಯಬಹುದು, ಶುಲ್ಕವಿಲ್ಲ. ಇಂಥ ಕೂಸಿಗೆ ನಮ್ಮಲ್ಲಿ ಹೆಸರೂ ಇಲ್ಲ, ದಿನವೂ ಇಲ್ಲ. ಆದದ್ದು ಆಯ್ತು, ಮುಂದಿನದು ನೋಡು ಅಂತೀವಿ. ಆ ಕಾಗದ ತರಿಸಬೇಕೋ ಬೇಡವೋ ಅಂತ ತಂಗಿ ಇನ್ನೂ ಯೋಚಿಸುತ್ತಿದ್ದಾಳೆ. ಅವಸರ ಮಾಡಬೇಡ ಅಂದಿದ್ದೇನೆ.

ಆಕೆ ಪೂರ್ತಿ ಚೇತರಿಸಿಕೊಂಡಿಲ್ಲ. ಈಗ ನಿದ್ದೆ ಐದು ತಾಸಿಗೆ ಬಂದಿದೆ. ಏಳದಿದ್ದರೆ ಛಲೋ ಅನ್ನುವ ಯೋಚನೆ ಬರುವುದು ನಿಂತಿದೆ ಅಂತಾಳೆ. ಪ್ರತಿ ಸಲವೂ ಅದನ್ನು ಕೇಳುವುದನ್ನು ನಾನು ಬಿಟ್ಟಿಲ್ಲ. ಎರಡನೇ ಸಲ ಜಿಪಿ ಹತ್ತಿರ ಹೋದಾಗ ಆಕೆ ಒಬ್ಬಳೇ ಒಳಗೆ ಹೋದಳು. ಗಂಡ ಆಮೇಲೆ ಫೋನ್ ಮಾಡಿ ಹೇಳಿದ: ‘ಇಪ್ಪತ್ತು ನಿಮಿಷ ಹೊರಗ ಕುಂತಿದ್ದೆ ಅಕ್ಕಾರ. ಬಾಗಲಾ ಹಾಕಿತ್ತು. ಒಳಗ ಆಕಿ ಧ್ವನಿ ಕೇಳಸ್ತಿತ್ತು, ಏನ್ ಮಾತಾಡ್ತಾಳ ಅನ್ನೂದು ಕೇಳಸ್ತಿರಲಿಲ್ಲ.’